‘ಪುಣ್ಯಸ್ತ್ರೀ’ ಎಂಬ ಪದದ ಮರೆಯಲ್ಲಿ: ಶಿವಶರಣೆಯರ ವಚನಗಳ ಪುನರ್ವಿಮರ್ಶೆ

ಶಿವಶರಣೆಯರೆಂದೊಡನೆ ಕನ್ನಡಿಗರ ನಾಲಗೆಯ ಮೇಲೆ ಮೊದಲು ಬರುವ ಹೆಸರು ಅಕ್ಕಮಹಾದೇವಿಯದು. ಅದು ಸಹಜವೂ ಹೌದು, ನ್ಯಾಯವೂ ಹೌದು. ನಾನೂರಕ್ಕೂ ಮಿಕ್ಕ ವಚನಗಳನ್ನು ಬಿಟ್ಟುಹೋದ ಆ ಮಹಾನುಭಾವಳ ಅನುಭಾವದ ಎತ್ತರ, ಭಾವದ ತೀವ್ರತೆ, ನುಡಿಯ ಬೆಡಗು ಇವುಗಳಿಗೆ ಸರಿಸಾಟಿಯಾದುದು ಜಗತ್ತಿನ ಭಕ್ತಿಸಾಹಿತ್ಯದಲ್ಲಿಯೇ ವಿರಳ. ಆದರೆ ದೊಡ್ಡ ಮರದ ನೆರಳಿನಲ್ಲಿ ಬೆಳೆದ ಗಿಡಗಳು ಕಣ್ಣಿಗೆ ಬೀಳದೆ ಹೋಗುವಂತೆ, ಅಕ್ಕನೊಡನೆ ಬಾಳಿ ಬರೆದ ಇತರ ಶರಣೆಯರು ವಿಮರ್ಶೆಯ ಅಂಗಳದ ಹೊರಗೆಯೇ ಉಳಿದುಬಿಟ್ಟಿದ್ದಾರೆ. ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರು ಹನ್ನೆರಡನೆಯ ಶತಮಾನದಲ್ಲಿಯೂ ಅದರ ಅನಂತರವೂ ಕನ್ನಡದಲ್ಲಿ ನುಡಿದರು. ಒಂದು ನಾಡಿನ ಒಂದು ಭಾಷೆಯಲ್ಲಿ, ಅದೂ ಆ ಕಾಲದಲ್ಲಿ, ಇಷ್ಟು ಜನ ಹೆಣ್ಣುಮಕ್ಕಳು ತಮ್ಮ ಹೆಸರಿನಲ್ಲಿ, ತಮ್ಮ ಅಂಕಿತದಲ್ಲಿ ವಿಚಾರವನ್ನು ಮಂಡಿಸಿದುದು ಸಾಮಾನ್ಯ ಸಂಗತಿಯಲ್ಲ. ಆದರೂ ಅವರಲ್ಲಿ ಬಹುಮಂದಿಯ ವಿಷಯದಲ್ಲಿ ನಮಗೆ ತಿಳಿದಿರುವುದು ಅವರು ಯಾರ ಪತ್ನಿ, ಯಾರ ಸೋದರಿ ಎಂಬುದಷ್ಟೇ.

ಈ ಅಜ್ಞಾನಕ್ಕೆ ಗ್ರಂಥಗಳ ಕೊರತೆಯು ಈಗ ನೆಪವಾಗಲಾರದು. ಡಾ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ ತಾಳೆಗರಿಗಳಲ್ಲಿ ಹುದುಗಿದ್ದ ಧನವನ್ನು ನಾಡಿನ ಮುಂದಿಟ್ಟರು. ಡಾ. ಆರ್. ಸಿ. ಹಿರೇಮಠ ಅವರು ಶರಣೆಯರ ವಚನಗಳನ್ನೇ ಪ್ರತ್ಯೇಕವಾಗಿ ಸಂಪಾದಿಸಿಕೊಟ್ಟರು. 1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ. ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ ಐದನೆಯ ಸಂಪುಟವು ಸಂಪೂರ್ಣವಾಗಿ ಶಿವಶರಣೆಯರಿಗೆ ಮೀಸಲಾಯಿತು, ಅದನ್ನು ಡಾ. ವೀರಣ್ಣ ರಾಜೂರ ಅವರು ಸಂಪಾದಿಸಿದರು. ಹೀಗೆ ಪಠ್ಯವು ಕೈಗೆ ಸಿಕ್ಕಿತು. ಸಿಕ್ಕದೆ ಉಳಿದುದು ಓದುವ ದೃಷ್ಟಿ.

ಆ ದೃಷ್ಟಿಗೆ ಅಡ್ಡಬಂದ ಪದವೊಂದಿದೆ. ಅದು ‘ಪುಣ್ಯಸ್ತ್ರೀ’ ಎಂಬುದು. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಹಡಪದ ಅಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ ಎಂಬಂತೆ ವಚನಕಾರ್ತಿಯರ ಹೆಸರುಗಳು ನಮಗೆ ಬಂದಿವೆ. ಗಜೇಶ ಮಸಣಯ್ಯಗಳ ಪುಣ್ಯಸ್ತ್ರೀಯ ವಿಷಯದಲ್ಲಂತೂ ಆಕೆಯ ಸ್ವಂತ ಹೆಸರೇ ವಾಡಿಕೆಯಿಂದ ಜಾರಿಹೋಗಿ ಈ ಸಂಬಂಧವಾಚಕವೊಂದೇ ಹೆಸರಾಗಿ ನಿಂತಿದೆ. ಪದವು ಗೌರವಸೂಚಕವೇ ಸರಿ, ಅದರಲ್ಲಿ ಹೀನಾರ್ಥವಿಲ್ಲ. ಆದರೆ ಗೌರವವು ಎಷ್ಟೋ ವೇಳೆ ಓದಿನ ಸ್ಥಾನವನ್ನು ಆಕ್ರಮಿಸಿಬಿಡುತ್ತದೆ. ಪುಣ್ಯಸ್ತ್ರೀ ಎಂದು ಕೈಮುಗಿದ ಮೇಲೆ ಆಕೆ ಏನು ಹೇಳಿದಳೆಂದು ಕೇಳುವ ಅಗತ್ಯವೇ ಕಾಣದೆ ಹೋಗುತ್ತದೆ. ಸಾಹಿತ್ಯಚರಿತ್ರೆಗಳಲ್ಲಿ ಈ ಶರಣೆಯರಿಗೆ ದೊರೆತಿರುವ ಒಂದೆರಡು ವಾಕ್ಯಗಳು ಸಾಮಾನ್ಯವಾಗಿ ಪಾತಿವ್ರತ್ಯ, ದಾಸೋಹ, ಸರಳತೆ ಎಂಬ ಮೂರು ಗುಣಗಳ ಪ್ರಶಂಸೆಯಲ್ಲಿ ಮುಗಿಯುತ್ತವೆ. ಅವರ ವಿಚಾರದ ಹೊಸತನವನ್ನಾಗಲಿ ತರ್ಕದ ಬಿಗಿಯನ್ನಾಗಲಿ ತೂಗಿ ನೋಡಿದ ವಿಮರ್ಶೆ ಕಡಿಮೆ.

ಇಲ್ಲಿ ಅಂಕಿತಗಳ ವಿಚಾರವನ್ನು ಮೊದಲು ಪರಿಶೀಲಿಸುವುದು ಯುಕ್ತ. ಅನೇಕ ಶರಣೆಯರ ಅಂಕಿತದಲ್ಲಿ ಪತಿಯ ಹೆಸರು ಸೇರಿರುವುದನ್ನು ತೋರಿಸಿ, ಅವರದು ಪತಿಯ ಅನುಭಾವದ ಪ್ರತಿಧ್ವನಿಯೆಂದು ವಾದಿಸುವವರುಂಟು. ಆಯ್ದಕ್ಕಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಜೇಡರ ದಾಸಿಮಯ್ಯನ ಪತ್ನಿ ದುಗ್ಗಳೆಯದು ‘ದಾಸಯ್ಯಪ್ರಿಯ ರಾಮನಾಥ’. ವಾದವು ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಸ್ವಲ್ಪ ಒಳಹೊಕ್ಕು ನೋಡಿದರೆ ಇದೇ ಸಾಕ್ಷ್ಯವು ವಿರುದ್ಧ ತೀರ್ಮಾನದ ಕಡೆಗೆ ಕೈತೋರುತ್ತದೆ. ದಾಸಿಮಯ್ಯನ ಅಂಕಿತ ‘ರಾಮನಾಥ’. ದುಗ್ಗಳೆಯ ನುಡಿಯು ಕೇವಲ ಪ್ರತಿಧ್ವನಿಯಾಗಿದ್ದರೆ ಅದೇ ಅಂಕಿತ ಸಾಕಾಗಿತ್ತು. ಬೇರೊಂದನ್ನು ಕಲ್ಪಿಸುವ ಪ್ರಯೋಜನವಿರಲಿಲ್ಲ. ಆರಾಧ್ಯದೈವವು ಒಂದೇ ಆಗಿದ್ದರೂ ಸತಿಯ ಮಾತು ಪತಿಯ ಮಾತಿನೊಡನೆ ಬೆರೆಯದಂತೆ ಬೇರೆ ಮುದ್ರೆಯನ್ನು ಒತ್ತಿಡಲಾಯಿತು. ‘ಪ್ರಿಯ’ ಎಂಬ ವಿಶೇಷಣವು ಪತಿಯನ್ನು ದೈವವನ್ನಾಗಿ ಮಾಡುವುದಿಲ್ಲ. ಪತಿಗೆ ಪ್ರಿಯವಾದ ಲಿಂಗವೇ ತನಗೂ ಪ್ರಿಯ ಎಂಬ ಸಮಭಾಗಿತ್ವವನ್ನು ಅದು ಸೂಚಿಸುತ್ತದೆ. ಹೆಣ್ಣಿಗೂ ಗಂಡಿಗೂ ಒಂದೇ ಬಗೆಯ ಇಷ್ಟಲಿಂಗದೀಕ್ಷೆಯನ್ನು ವಿಧಿಸಿದ ಧರ್ಮದಲ್ಲಿ ಇದು ನಿರೀಕ್ಷಿತವೇ ಆಗಿದೆ. ಇನ್ನು ಸತ್ಯಕ್ಕ, ಗೊಗ್ಗವ್ವೆ, ಬೊಂತಾದೇವಿ, ಅಕ್ಕಮ್ಮ ಮೊದಲಾದವರ ಅಂಕಿತಗಳಲ್ಲಿ ಪತಿಯ ಹೆಸರಿನ ಸೋಂಕೂ ಇಲ್ಲ.

ಅಂಕಿತವನ್ನು ದಾಟಿ ವಚನಗಳ ಒಳಗೆ ಬಂದರೆ ಮೊದಲಿಗೆ ಎದುರಾಗುವವಳು ಆಯ್ದಕ್ಕಿ ಲಕ್ಕಮ್ಮ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರದೊಡನೆ ಈ ದಂಪತಿಗಳ ಹೆಸರು ಬೆಸೆದುಕೊಂಡಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸದೆ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದ ಪ್ರಸಂಗ ಸರ್ವವಿದಿತ. ಪ್ರವಚನಗಳಲ್ಲಿ ಈ ಕಥೆಯನ್ನು ಗೃಹಿಣಿಯ ಮಿತವ್ಯಯಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ಅದು ಆಕೆಯ ಮಾತನ್ನು ಕುಗ್ಗಿಸಿದಂತೆ. ಆಸೆಯು ಅರಸರಿಗೆ ತಕ್ಕುದೇ ಹೊರತು ಶಿವಭಕ್ತರಿಗಲ್ಲವೆಂಬುದು ಅಲ್ಲಿ ಆಕೆಯ ವಾದ. ಎಂದರೆ ನಾಳೆಗೆಂದು ಕೂಡಿಡುವ ಪ್ರವೃತ್ತಿಗೂ ರಾಜಾಧಿಕಾರಕ್ಕೂ ಇರುವ ನಂಟನ್ನು ಆಕೆ ಗುರುತಿಸಿದ್ದಾಳೆ. ಒಂದು ಮಡಿಲು ಅಕ್ಕಿಯಲ್ಲಿ ಭಂಡಾರದ ಬೀಜವನ್ನು ಕಂಡಿದ್ದಾಳೆ. ಬಡತನವು ದ್ರವ್ಯದ ಅಭಾವದಿಂದ ಬರುವುದಲ್ಲ, ಮನಸ್ಸಿನ ಅಶುದ್ಧಿಯಿಂದ ಬರುವುದೆಂಬ ಆಕೆಯ ಇನ್ನೊಂದು ವಿಚಾರವನ್ನು ಇದರೊಡನೆ ಇಟ್ಟು ಓದಿದರೆ, ಕಾಯಕತತ್ತ್ವಕ್ಕೆ ಒಂದು ಪೂರ್ಣವಾದ ಅರ್ಥಶಾಸ್ತ್ರವನ್ನೇ ಲಕ್ಕಮ್ಮ ಒದಗಿಸಿದ್ದಾಳೆಂಬುದು ಸ್ಪಷ್ಟವಾಗುತ್ತದೆ.

ಗೂಳೂರು ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’ಯಲ್ಲಿ ಈ ದಂಪತಿಗಳ ಪ್ರಸಂಗ ವಿಸ್ತಾರವಾಗಿ ಬಂದಿದೆ. ಅನುಭಾವಗೋಷ್ಠಿಯಲ್ಲಿ ಮೈಮರೆತ ಪತಿಗೆ ಕಾಯಕವು ನಿಂತಿತೆಂದು ಎಚ್ಚರಿಸುವವಳು ಅವಳು. ಮುಂದೆ ಐಕ್ಯದ ನೆಲೆಯನ್ನು ಕುರಿತು ಪತಿಯು ಪ್ರಶ್ನಿಸಿದಾಗ ಉತ್ತರಿಸುವವಳೂ ಅವಳೇ. ಗುರುಶಿಷ್ಯರ ಸ್ಥಾನಗಳು ಅಲ್ಲಿ ಅದಲುಬದಲಾಗಿವೆ. ಒಡೆಯನೆಂದು ಸಂಬೋಧಿಸುತ್ತಲೇ ಆ ಒಡೆಯನನ್ನು ಕೆಲಸಕ್ಕೆ ಕಳುಹಿಸುವ ಆಕೆಯ ಧಾಟಿಯಲ್ಲಿ ವಿನಯವೂ ಅಧಿಕಾರವೂ ಒಂದೇ ಉಸಿರಿನಲ್ಲಿ ಹೊಂದಿಕೊಂಡಿವೆ. ಆದರೂ ಆ ಭಾಗವು ಪ್ರಸಿದ್ಧವಾಗಿರುವುದು ಮಾರಯ್ಯಗಳ ಸಂಪಾದನೆಯೆಂದೇ.

ಮೋಳಿಗೆ ಮಾರಯ್ಯನ ಪತ್ನಿ ಮಹಾದೇವಿಯ ಪ್ರಸಂಗವೂ ಇದೇ ಬಗೆಯದು. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಬಾಳಿದವರೆಂದು ಪರಂಪರೆಯು ಈ ದಂಪತಿಗಳನ್ನು ಸ್ಮರಿಸುತ್ತದೆ. ಐಕ್ಯವನ್ನು ಬಯಸಿ ಬೇರೊಂದೆಡೆಗೆ ಮುಖಮಾಡಿದ ಪತಿಗೆ, ನಿಂತ ನೆಲೆಯನ್ನು ಬಿಟ್ಟು ಬೇರೆ ಕೈಲಾಸವುಂಟೆಂಬ ಭಾವವೇ ಭ್ರಮೆಯೆಂದು ಆಕೆ ತಿಳಿಸುತ್ತಾಳೆ. ಬಸವಣ್ಣನ ಪತ್ನಿ ನೀಲಾಂಬಿಕೆಯ ಚರಿತ್ರೆಯಲ್ಲಿಯೂ ಇದರ ಸಮಾನಾಂತರವಿದೆ. ಕೂಡಲಸಂಗಮಕ್ಕೆ ಬರುವಂತೆ ಬಸವಣ್ಣನು ಅಪ್ಪಣ್ಣನ ಮೂಲಕ ಹೇಳಿಕಳುಹಿಸಿದಾಗ, ಸಂಗಯ್ಯನು ಅಲ್ಲಿರುವಂತೆ ಇಲ್ಲಿಯೂ ಇಲ್ಲವೇ ಎಂಬ ಅರಿವಿನಿಂದ ಆಕೆ ಕೃಷ್ಣಾತೀರದ ತಂಗಡಗಿಯಲ್ಲಿಯೇ ಲಿಂಗೈಕ್ಯಳಾದಳೆಂದು ಪ್ರತೀತಿ. ಒಬ್ಬಳು ಪತಿಯನ್ನು ತಡೆದಳು. ಇನ್ನೊಬ್ಬಳು ಪತಿಯ ಕರೆಯ ಮುಂದೆ ತಾನೇ ನಿಂತಳು. ಇಬ್ಬರ ನೆಲೆಯೂ ಒಂದೇ: ಇಲ್ಲಿ, ಅಲ್ಲಿ ಎಂಬ ದ್ವೈತದ ನಿರಾಕರಣೆ. ಇದನ್ನು ಪತಿಭಕ್ತಿಯ ಅಳತೆಗೋಲಿನಿಂದ ಅಳೆಯಲು ಹೊರಟರೆ ನೀಲಾಂಬಿಕೆಯ ನಡೆಯು ಆಜ್ಞೋಲ್ಲಂಘನೆಯಂತೆ ತೋರೀತು. ತತ್ತ್ವದ ಅಳತೆಗೋಲನ್ನು ಹಿಡಿದಾಗ ಮಾತ್ರ ಅದರ ಘನತೆ ಕಾಣುತ್ತದೆ.

ಮುಕ್ತಾಯಕ್ಕನದು ಇನ್ನೂ ಕಠಿನವಾದ ದಾರಿ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನ ಅಗಲಿಕೆಯಿಂದ ದುಃಖಿಸುತ್ತಿದ್ದವಳ ಬಳಿಗೆ ಅಲ್ಲಮಪ್ರಭು ಬಂದನು. ಆಕೆ ಅವನ ಮಹಿಮೆಗೆ ಬೆರಗಾಗಿ ತಲೆಬಾಗಲಿಲ್ಲ. ಪರವಸ್ತುವನ್ನು ನಿಜವಾಗಿ ಅರಿತವನಿಗೆ ಮಾತಿನ ಹಂಗೇಕೆ, ನುಡಿಯುತ್ತಿರುವವರೆಗೆ ಎರಡೆಂಬುದು ಅಳಿದಿಲ್ಲವಲ್ಲ ಎಂದು ಪ್ರಶ್ನಿಸಿದಳು. ಶೂನ್ಯಸಿಂಹಾಸನದ ಅಧ್ಯಕ್ಷನಾಗಲಿದ್ದವನ ಅನುಭಾವವನ್ನೇ ಒರೆಗೆ ಹಚ್ಚಿದ ಈ ಪ್ರಶ್ನೆ ವಚನಧರ್ಮಕ್ಕೂ ಮೂಲಭೂತವಾದುದು. ಏಕೆಂದರೆ ಮಾತೇ ಬಂಧನವಾದರೆ ವಚನಗಳಿಗಾದರೂ ಎಡೆಯೆಲ್ಲಿ? ಅಲ್ಲಮನು ಅವಳಿಗೆ ಉತ್ತರಿಸಬೇಕಾಯಿತು, ಒಮ್ಮೆಯಲ್ಲ, ಹಲವು ಬಾರಿ. ಅರಿವಿನಿಂದ ಹೊಮ್ಮಿದ ನುಡಿ ಬಂಧನವಲ್ಲವೆಂಬ ಸಿದ್ಧಾಂತವು ‘ಶೂನ್ಯಸಂಪಾದನೆ’ಯ ಆರಂಭಭಾಗದಲ್ಲಿಯೇ ಸ್ಥಾಪಿತವಾದುದು ಮುಕ್ತಾಯಕ್ಕನ ಹಟದಿಂದ. ವಿದ್ಯಾರ್ಥಿಗಳು ಈ ಭಾಗವನ್ನು ಅಲ್ಲಮನ ಉತ್ತರಗಳಿಗಾಗಿ ಓದುವರು. ಪ್ರಶ್ನೆಯ ಬಲವಿಲ್ಲದೆ ಆ ಉತ್ತರಗಳಿಗೆ ಹೊಳಪು ಬರುತ್ತಿರಲಿಲ್ಲವೆಂಬುದನ್ನು ಮರೆಯುವರು.

ಹೆಣ್ಣು–ಗಂಡೆಂಬ ಭೇದದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಸತ್ಯಕ್ಕ ಮತ್ತು ಗೊಗ್ಗವ್ವೆ. ಈ ಇಬ್ಬರ ವಚನಗಳನ್ನು ದಾಸಿಮಯ್ಯನ ಸುಪ್ರಸಿದ್ಧ ವಚನದ ಪಕ್ಕದಲ್ಲಿಟ್ಟು, ಮೂರರ ಅಭಿಪ್ರಾಯವೂ ಒಂದೇ ಎಂದು ಹೇಳಿ ಮುಂದೆ ಸಾಗುವುದು ರೂಢಿ. ಒಳಭೇದಗಳನ್ನು ಗಮನಿಸಿದರೆ ಈ ಸಮೀಕರಣವು ನಿಲ್ಲುವುದಿಲ್ಲ. ದಾಸಿಮಯ್ಯನು ದೇಹದ ನಡುವೆ ಸುಳಿಯುವ ಆತ್ಮವನ್ನು ತೋರಿಸಿ, ಅದಕ್ಕೆ ಲಿಂಗಭೇದವಿಲ್ಲವೆಂದನು. ಧೂಪದ ಕಾಯಕದ ಗೊಗ್ಗವ್ವೆ ಆತ್ಮವನ್ನು ಬಿಟ್ಟು ಜ್ಞಾನವನ್ನು ಹಿಡಿದಳು. ಇಬ್ಬರಲ್ಲಿಯೂ ಇರುವ ಅರಿವು ಹೆಣ್ಣೋ ಗಂಡೋ ಎಂದು ತನ್ನ ನಾಸ್ತಿನಾಥನನ್ನೇ ಕೇಳಿದಳು. ಆತ್ಮಕ್ಕೆ ಭೇದವಿಲ್ಲವೆಂದು ಒಪ್ಪಿಯೂ ಹೆಣ್ಣಿಗೆ ಜ್ಞಾನದ ಅಧಿಕಾರವನ್ನು ನಿರಾಕರಿಸಿದ ಶಾಸ್ತ್ರಗಳು ಇದ್ದೇ ಇದ್ದವು. ಗೊಗ್ಗವ್ವೆಯ ಪ್ರಶ್ನೆ ನಾಟುವುದು ಆ ಬಾಗಿಲಿಗೆ. ಶಿಕಾರಿಪುರ ಸೀಮೆಯ ಹಿರೇಜಂಬೂರಿನವಳೆನ್ನಲಾದ, ಅಂಗಳ ಗುಡಿಸುವ ಕಾಯಕದ ಸತ್ಯಕ್ಕನಾದರೋ ಪ್ರಮಾಣದ ಪ್ರಶ್ನೆಯನ್ನೇ ಎತ್ತಿದಳು. ಹೊರಗಿನ ಕುರುಹುಗಳು ಒಳಗಿನ ನಿಜಕ್ಕೆ ಪ್ರಮಾಣವಾಗಬಲ್ಲವೇ? ಜಗದ ವಾಡಿಕೆ ಹಾಗೆ ನಂಬಬಹುದು, ಬಲ್ಲವರ ನೀತಿ ಹಾಗಲ್ಲ ಎಂದು ಹೇಳಿ, ಹಣ್ಣಿನ ರುಚಿ, ಹೂವಿನ ಪರಿಮಳಗಳ ದೃಷ್ಟಾಂತದಿಂದ ತನ್ನ ಪಕ್ಷವನ್ನು ಸಾಧಿಸಿದಳು. ಒಬ್ಬನದು ತತ್ತ್ವದ ಮಾತು, ಒಬ್ಬಳದು ಅಧಿಕಾರದ ಪ್ರಶ್ನೆ, ಮತ್ತೊಬ್ಬಳದು ತರ್ಕದ ಪರೀಕ್ಷೆ. ಹಾದಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಕೈಯಿಂದ ಮುಟ್ಟೆನೆಂದು ಆಣೆಯಿಟ್ಟ ಸತ್ಯಕ್ಕನ ನಿಷ್ಠೆಯನ್ನು ಹೊಗಳುವವರು ಆಕೆಯ ಈ ನೈಯಾಯಿಕ ಪ್ರತಿಭೆಯನ್ನೂ ಗಮನಿಸಬೇಕು.

ಕುಲಭೇದದ ವಿಷಯದಲ್ಲಿ ಕಾಳವ್ವೆಯೂ ಬೊಂತಾದೇವಿಯೂ ಇಂತಹುದೇ ಜೋಡಿ. ಉರಿಲಿಂಗಪೆದ್ದಿಗಳ ಸತಿ ಕಾಳವ್ವೆಯು ಊರೊಳಗಿನವರು, ಊರಹೊರಗಿನವರು ಎಂಬ ವಿಂಗಡಣೆಯನ್ನು ಅದರದೇ ಆಧಾರದ ಮೇಲೆ ಒಡೆಯುತ್ತಾಳೆ: ಆಹಾರವೇ ಕಾರಣವಾದರೆ, ಒಂದು ಬಗೆಯ ಮಾಂಸವನ್ನು ತಿನ್ನುವವರಿಗೆ ಊರೊಳಗೆ ಎಡೆಕೊಟ್ಟು ಇನ್ನೊಂದು ಬಗೆಯದನ್ನು ತಿನ್ನುವವರನ್ನು ಹೊರಗಿಟ್ಟುದು ಯಾವ ನ್ಯಾಯ? ಹೊರಗಿಡಲ್ಪಟ್ಟ ಕೇರಿಯ ಅನುಭವವೇ ಇಲ್ಲಿ ವಾದವಾಗಿ ನಿಂತಿದೆ. ಅರಮನೆಯನ್ನು ತೊರೆದು ಬಂದವಳೆಂದು ಪರಂಪರೆಯು ಹೇಳುವ ಬೊಂತಾದೇವಿಯು ಅದೇ ಪ್ರಶ್ನೆಯನ್ನು ಬಯಲಿನ ಪರಿಭಾಷೆಯಲ್ಲಿ ಇಡುತ್ತಾಳೆ: ಊರೊಳಗಿನ ಬಯಲು ಬೇರೆ, ಹೊರಗಿನ ಬಯಲು ಬೇರೆ ಎಂಬುದುಂಟೆ? ಒಬ್ಬಳು ಕೇರಿಯಿಂದ ಬಂದಳು, ಒಬ್ಬಳು ಅರಮನೆಯಿಂದ; ಅವರ ನುಡಿಗಳು ಕೂಡಿದ ತಾಣ ಒಂದೇ. ಕಲ್ಯಾಣದ ಕ್ರಾಂತಿಯೆಂದು ಕರೆಯುವುದರ ಅರ್ಥವನ್ನು ತಿಳಿಯಲು ಈ ಎರಡು ವಚನಗಳ ಕೂಡುಪಾಠವು ಬಹಳ ಸಹಾಯಕ.

ಕದಿರೆ ರೆಮ್ಮವ್ವೆಯ ಒಂದು ವಚನದಲ್ಲಿ ವಿಮರ್ಶಕರ ಎಚ್ಚರಕ್ಕೆ ನಿಜವಾದ ಪರೀಕ್ಷೆಯಿದೆ. ತಾನು ತಿರುಹುವ ರಾಟೆಗೆ ಕುಲಜಾತಿಯನ್ನು ಹೇಳುವ ನೆಪದಲ್ಲಿ ಆಕೆ ಅದರ ಹಲಗೆ, ತೋರಣ, ಬೊಂಬೆಗಳಲ್ಲಿ ತ್ರಿಮೂರ್ತಿಗಳನ್ನು ಕೂರಿಸಿ, ಅರಿವನ್ನು ಕದಿರಾಗಿಸಿ, ಭಕ್ತಿಯ ಕೈಯಿಂದ ನೂಲುತ್ತಾಳೆ. ಮನುಷ್ಯರ ಕುಲವನ್ನು ಕೇಳುವ ಲೋಕಕ್ಕೆ ಮರದ ರಾಟೆಯ ಕುಲವನ್ನು ಹೇಳಿ ನಗಿಸುವ ಈ ವ್ಯಂಗ್ಯವು ಎಷ್ಟು ಮೆಲುವೋ ಅಷ್ಟೇ ಹರಿತ. ಆದರೆ ಕೊನೆಯಲ್ಲಿ ಕದಿರು ತುಂಬಿ ರಾಟೆ ತಿರುಗದಾದಾಗ, ಗಂಡನು ಹೊಡೆದಾನೆಂಬ ಅಳಲು ಕೇಳಿಬರುತ್ತದೆ. ವ್ಯಾಖ್ಯಾನಕಾರರು ಗಂಡನೆಂದರೆ ಪರಶಿವನೆಂದು ಅರ್ಥಮಾಡಿ ಆ ಅಳಲನ್ನು ಅನುಭಾವದಲ್ಲಿ ಕರಗಿಸಿಬಿಡುವರು. ಬೆಡಗಿನ ಅರ್ಥ ಸಾಧುವೇ. ಆದರೂ ನೂಲುವ ಹೆಣ್ಣೊಬ್ಬಳಿಗೆ ಈ ಉಪಮಾನ ಎಲ್ಲಿಂದ ದೊರೆಯಿತೆಂದು ಕೇಳದಿರುವುದು ಸರಿಯಲ್ಲ. ಉಪಮೇಯವು ಮೇಲಿನ ಲೋಕದ್ದಾಗಿರಬಹುದು, ಉಪಮಾನವು ಮನೆಯೊಳಗಿನದು. ವಚನಕಾರರು ತಂತಮ್ಮ ಕಾಯಕದ ಪರಿಕರಗಳಿಂದ ದೃಷ್ಟಾಂತ ತಂದುದನ್ನು ಮೆಚ್ಚುವವರು, ಹೆಣ್ಣುಮಕ್ಕಳ ಬಾಳಿನ ನೋವೂ ಅಂತಹ ಪರಿಕರವೆಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಸೂಳೆ ಸಂಕವ್ವೆಯದಾಗಿ ದೊರೆತಿರುವುದು ಒಂದೇ ಒಂದು ವಚನ. ಒಬ್ಬನಿಂದ ಒತ್ತೆಯನ್ನು ಹಿಡಿದ ಮೇಲೆ ಮತ್ತೊಬ್ಬನದನ್ನು ಹಿಡಿಯೆನೆಂಬ ತನ್ನ ವೃತ್ತಿಯ ಕಟ್ಟನ್ನೇ ವ್ರತನಿಷ್ಠೆಗೆ ಉಪಮಾನವಾಗಿಸಿ, ವ್ರತಗೇಡಿಗಳ ಸಂಗಕ್ಕೆ ಘೋರವಾದ ಶಿಕ್ಷೆಯನ್ನು ಆಕೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಲೋಕವು ಆಕೆಯನ್ನು ಯಾವ ಮಾತಿನಿಂದ ಹಳಿಯುತ್ತಿತ್ತೋ ಆ ಮಾತನ್ನೇ ಎತ್ತಿಕೊಂಡು ದೇವರಿಗೆ ‘ನಿರ್ಲಜ್ಜೇಶ್ವರ’ ಎಂದು ಹೆಸರಿಟ್ಟಳು. ಈ ಒಂದು ಅಂಕಿತದಲ್ಲಿರುವ ಧೈರ್ಯಕ್ಕೆ ಹೋಲಿಕೆ ಅಪರೂಪ. ಆಕೆಯ ವಚನವನ್ನು ಉಳಿಸಿ ಪ್ರತಿಮಾಡಿದ ಲಿಪಿಕಾರರ ಔದಾರ್ಯವೂ ಸ್ಮರಣೀಯವಾದುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷವನ್ನೂ ಹೇಳಬೇಕು. ಎಲ್ಲ ಶರಣೆಯರ ಎಲ್ಲ ವಚನಗಳೂ ಸಮಾನಗುಣದವಲ್ಲ. ಅಕ್ಕಮ್ಮನ ಹೆಸರಿನಲ್ಲಿ ನೂರಕ್ಕೂ ಹೆಚ್ಚು ವಚನಗಳಿವೆ. ಆಚಾರವೇ ಪ್ರಾಣವೆಂಬುದನ್ನು ತನ್ನ ಅಂಕಿತದಲ್ಲಿಯೇ ಸಾರಿದ ಆಕೆಯ ನಿಷ್ಠೆ ವಂದನೀಯ. ಆದರೆ ವ್ರತನಿಯಮಗಳ ಎಣಿಕೆಯಲ್ಲಿ ಕಾವ್ಯಾಂಶವು ಅಲ್ಲಲ್ಲಿ ಸೊರಗಿದೆ. ಅಮುಗೆ ರಾಯಮ್ಮನ ವಚನಗಳೂ ನೂರನ್ನು ಮೀರುತ್ತವೆ. ಅರಿವಿಲ್ಲದೆ ವೇಷ ತೊಟ್ಟು ಒಡಲು ಹೊರೆಯುವವರನ್ನು ಆಕೆ ಖಂಡಿಸುವ ಕಟುತ್ವಕ್ಕೆ ಬೆಚ್ಚಬೇಕು. ಅದೇ ಕಟುತ್ವವು ಮೇಲಿಂದ ಮೇಲೆ ಬಂದಾಗ ನುಡಿಯ ಕಸುವು ಇಳಿಯುವುದೂ ಉಂಟು. ಹಸ್ತಪ್ರತಿಗಳು ಬಹುಪಾಲು ಅನಂತರದ ಕಾಲದವಾದುದರಿಂದ ಕರ್ತೃತ್ವದ ಪ್ರಶ್ನೆಯೂ ಉಳಿದಿದೆ. ಆದರೆ ಈ ದೋಷವಿಚಾರವೂ ಒಂದು ಬಗೆಯ ಮನ್ನಣೆಯೇ ಆಗಿದೆ. ದೋಷವನ್ನು ಹೇಳಬೇಕಾದರೆ ಮೊದಲು ಓದಬೇಕು. ಪುಣ್ಯಸ್ತ್ರೀಯರೆಂದು ಹೂವೇರಿಸಿ ಗೂಡಿನಲ್ಲಿಟ್ಟ ಮೇಲೆ ಓದುವ ಪ್ರಸಂಗವೇ ಬಾರದು.

ಸುಮಾರು 1167ರ ಕಲ್ಯಾಣದ ವಿಪ್ಲವದ ಅನಂತರ ಶರಣರು ಚದುರಿದಾಗ, ಬಸವಣ್ಣನ ಅಕ್ಕನೂ ಚೆನ್ನಬಸವಣ್ಣನ ತಾಯಿಯೂ ಆದ ಅಕ್ಕನಾಗಮ್ಮನು ಶರಣರ ತಂಡದೊಡನೆ ಉಳವಿಯತ್ತ ನಡೆದು, ಮುಂದೆ ತರೀಕೆರೆಯ ಸಮೀಪದ ಎಣ್ಣೆಹೊಳೆಯಲ್ಲಿ ಐಕ್ಯಳಾದಳೆಂದು ಪರಂಪರೆ ಹೇಳುತ್ತದೆ. ಆ ನಡೆಯಲ್ಲಿ ವಚನಗಳ ಕಟ್ಟುಗಳನ್ನು ಉಳಿಸಿದ ಕೈಗಳಲ್ಲಿ ಶರಣೆಯರ ಕೈಗಳೂ ಇದ್ದುವೆಂಬುದು ಭಕ್ತರ ನಂಬುಗೆ. ಉಳಿದು ಬಂದ ಆ ಕಟ್ಟಿನೊಳಗೆ ಲಕ್ಕಮ್ಮನ ಅರ್ಥವಿಚಾರವಿದೆ, ಮುಕ್ತಾಯಕ್ಕನ ಸಂವಾದವಿದೆ, ಸತ್ಯಕ್ಕನ ತರ್ಕವಿದೆ, ಸಂಕವ್ವೆಯ ಒಂದೇ ಒಂದು ನುಡಿಯಿದೆ. ಶರಣಧರ್ಮವು ಹೆಣ್ಣಿಗೆ ಸಮಾನತೆಯನ್ನು ಕೊಟ್ಟಿತೆಂದು ವೇದಿಕೆಗಳಲ್ಲಿ ಹೇಳುವುದು ಸುಲಭ. ಆ ಸಮಾನತೆಯನ್ನು ಪಡೆದವರು ಅದರಿಂದ ಏನನ್ನು ಸಾಧಿಸಿದರೆಂಬುದನ್ನು ಅವರ ಮಾತಿನಲ್ಲಿಯೇ ಓದಿ ತಿಳಿಯದಿದ್ದರೆ ಆ ಹೇಳಿಕೆ ಬರಿಯ ಅಭಿಮಾನವಾಗಿ ಉಳಿಯುತ್ತದೆ. ಮಠಗಳ ಶಿವಾನುಭವಗೋಷ್ಠಿಗಳಲ್ಲಿ ಈ ಶರಣೆಯರ ವಚನಗಳಿಗೂ ನಿರ್ವಚನ ನಡೆಯಲಿ. ವಿದ್ಯಾರ್ಥಿಗಳು ಒಬ್ಬೊಬ್ಬ ಶರಣೆಯನ್ನು ಆಯ್ದುಕೊಂಡು, ಯಾರ ಸತಿಯೆಂಬುದನ್ನು ಕೊನೆಗಿಟ್ಟು, ಏನು ನುಡಿದಳೆಂಬುದರಿಂದ ಅಧ್ಯಯನವನ್ನು ಆರಂಭಿಸಲಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಪ್ರತಿಯೊಂದು ಕಾಳನ್ನೂ ಪ್ರಸಾದವೆಂದು ಆಯ್ದ ಪರಂಪರೆಗೆ, ಗ್ರಂಥಗಳ ಅಂಚಿನಲ್ಲಿ ಚೆಲ್ಲಿಹೋದ ಈ ನುಡಿಗಳನ್ನು ಆಯ್ದುಕೊಳ್ಳುವುದು ಭಾರವಾಗಬಾರದು.